ಗಂಡನ ಕಿಡ್ನಿ ಹೆಂಡತಿಗೆ ಆಗಲ್ಲ, ಆದ್ರೆ ಅವನ ಮಗು ಒಂಬತ್ತು ತಿಂಗಳು ಹೊಟ್ಟೇಲಿ ಹೇಗೆ ಉಳಿಯತ್ತೆ?

ಗಂಡ ಕಿಡ್ನಿ ಕೊಡೋಕೆ ರೆಡಿ ಇದಾನೆ, ಬ್ಲಡ್ ಗ್ರೂಪ್ ಹೊಂದತ್ತೆ, ಶುಗರ್ ಇಲ್ಲ ಬಿಪಿ ಇಲ್ಲ, ಪೇಪರ್ ಕೆಲಸ ಎಲ್ಲ ಮುಗಿದಿದೆ, ಅಷ್ಟರಲ್ಲಿ ಕ್ರಾಸ್‌ಮ್ಯಾಚ್ (ಗಂಡನ ಜೀವಕೋಶದ ಮೇಲೆ ಹೆಂಡತಿ ರಕ್ತ ದಾಳಿ ಮಾಡತ್ತಾ ಅಂತ ನೋಡೋ ಟೆಸ್ಟ್) ಪಾಸಿಟಿವ್ ಬಂತು ಅಂತ ಟ್ರಾನ್ಸ್‌ಪ್ಲಾಂಟ್ ನಿಂತುಹೋಗತ್ತೆ. ಮುಂಬೈಲಿ ಬ್ಲಡ್ ಬ್ಯಾಂಕ್ ಲ್ಯಾಬಲ್ಲಿ ಕೂತಿರೋ ನನ್ನಂಥವರಿಗೆ ಇದೇನು ಹೊಸ ವಿಷಯ ಅಲ್ಲ. ಮನೆಯವರಿಗೆ ಮಾತ್ರ ತಲೆ ಕೆಟ್ಟುಹೋಗತ್ತೆ, "ಇದೇ ಗಂಡನ ಮೂರು ಮಕ್ಳನ್ನ ಹೆತ್ತಿದಾಳಲ್ರೀ, ಈಗ ಅವನ ಕಿಡ್ನಿ ಯಾಕೆ ಆಗಲ್ಲ ಅಂತೀರಿ" ಅಂತ ಕೇಳ್ತಾರೆ. ಮೂರು ಮಕ್ಳನ್ನ ಹೆತ್ತಿದ್ದಕ್ಕೇ ಆಗಲ್ಲ, ಅದೇ ಉತ್ತರ.

ವಿಷಯ ಏನಂದ್ರೆ, ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲ ಜೀವಕೋಶದ ಮೇಲೂ ಎಚ್‌ಎಲ್‌ಎ ಅನ್ನೋ ಗುರುತು ಇರತ್ತೆ, ಇಮ್ಯೂನ್ ಸಿಸ್ಟಮ್ ತನ್ನವರು ಯಾರು ಹೊರಗಿನವರು ಯಾರು ಅಂತ ನೋಡೋದು ಅದ್ರಿಂದಾನೇ. ಮಗುಗೆ ಈ ಗುರುತು ಅರ್ಧ ತಾಯಿಯಿಂದ, ಇನ್ನರ್ಧ ತಂದೆಯಿಂದ ಬರತ್ತೆ. ಬಸಿರಲ್ಲಿ, ಮತ್ತೆ ಮುಖ್ಯವಾಗಿ ಹೆರಿಗೆ ಟೈಮಲ್ಲಿ, ಮಗುವಿನ ಸ್ವಲ್ಪ ರಕ್ತ ತಾಯಿ ರಕ್ತಕ್ಕೆ ಸೇರತ್ತೆ, ಆಗ ಗಂಡನ ಕಡೆಯ ಗುರುತಿನ ವಿರುದ್ಧ ಕೆಲವು ತಾಯಂದಿರಲ್ಲಿ ಆಂಟಿಬಾಡಿ (ಹೊರಗಿನ ಗುರುತಿಗೆ ಅಂಟ್ಕೊಳೋ ಪ್ರೋಟೀನ್) ಹುಟ್ಟತ್ತೆ, ಮಕ್ಕಳು ಜಾಸ್ತಿ ಆದಷ್ಟೂ ಅದರ ಸಾಧ್ಯತೆನೂ ಜಾಸ್ತಿ. ಕ್ರಾಸ್‌ಮ್ಯಾಚಲ್ಲಿ ಗಂಡನ ಕಿಡ್ನಿ ಬೇಡ ಅನ್ನೋದು ಈ ಆಂಟಿಬಾಡಿನೇ. ಇನ್ನೊಂದು ತಮಾಷೆ ಕೇಳಿ, ಎಚ್‌ಎಲ್‌ಎ ಅನ್ನೋ ಗುರುತನ್ನ ಅರ್ಥ ಮಾಡ್ಕೊಂಡಿದ್ದೇ ಹೆಚ್ಚಿನ ಮಟ್ಟಿಗೆ ಬಾಣಂತಿಯರ ರಕ್ತದಿಂದ. 1958ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಯಾನ್ ವಾನ್ ರೂಡ್, ಅಮೆರಿಕದಲ್ಲಿ ರೋಸ್ ಪೇಯ್ನ್, ಇಬ್ಬರೂ ಬೇರೆಬೇರೆಯಾಗಿ ಇಂಥ ಆಂಟಿಬಾಡಿಗಳನ್ನ ಹೆತ್ತ ಹೆಂಗಸರ ರಕ್ತದಲ್ಲಿ ನೋಡಿದ್ರು, ಆಮೇಲೆ ಎಷ್ಟೋ ವರ್ಷ ಟ್ರಾನ್ಸ್‌ಪ್ಲಾಂಟ್ ಮ್ಯಾಚಿಂಗ್ ನಡೆದಿದ್ದು ತಾಯಂದಿರು ಕೊಟ್ಟ ಸೀರಮ್ (ರಕ್ತದ ಕಣ ತೆಗೆದ ಮೇಲೆ ಉಳಿಯೋ ನೀರು) ಇಟ್ಕೊಂಡೇ.

ಹಾಗಾಗಿ ಸೀಮಂತಕ್ಕೆ ಬಂದ ಪಕ್ಕದ್ಮನೆ ಮರಾಠಿ ಕಾಕು "ಬಸುರಲ್ಲಿ ಇಮ್ಯುನಿಟಿ ಡೌನ್ ಆಗತ್ತೆ, ಅದಕ್ಕೇ ಮಗು ಉಳಿಯೋದು" ಅಂತ ಹೇಳಿದ್ರೆ ಹೂಂ ಅಂದ್ಬಿಡಿ, ಆದ್ರೆ ನಂಬಬೇಡಿ. ತಾಯಿ ಇಮ್ಯೂನ್ ಸಿಸ್ಟಮ್‌ಗೆ ಮಗು ಹೊರಗಿಂದು ಅಂತ ಚೆನ್ನಾಗೇ ಗೊತ್ತಿರತ್ತೆ. ಗೊತ್ತಿದ್ದೂ ಸುಮ್ನಿರತ್ತೆ, ಅಷ್ಟೇ ಅಲ್ಲ, ಕೆಲವು ಕಡೆ ಕೈ ಜೋಡಿಸಿ ಕೆಲಸಾನೂ ಮಾಡತ್ತೆ.

ಈ ಪ್ರಶ್ನೆನ ಸರಿಯಾಗಿ ಎತ್ತಿದವನು ಬ್ರಿಟನ್ನಿನ ಪೀಟರ್ ಮೆಡವಾರ್. ಸುಟ್ಟ ಗಾಯಕ್ಕೆ ಬೇರೆಯವರ ಚರ್ಮ ಹಾಕಿದ್ರೆ ದೇಹ ಯಾಕೆ ಉದುರಿಸತ್ತೆ ಅಂತ ಯುದ್ಧದ ಕಾಲದಿಂದ ಕೆಲಸ ಮಾಡ್ತಿದ್ದ ಮನುಷ್ಯ, 1960ರಲ್ಲಿ ನೊಬೆಲ್ ಬಂತು. 1953ರಲ್ಲಿ ಅವನು ಕೇಳಿದ್ದು, ಚರ್ಮದ ತುಂಡು ಕೆಲವೇ ದಿನದಲ್ಲಿ ಉದುರಿಹೋಗತ್ತೆ, ಅರ್ಧ ಪರಕೀಯವಾದ ಮಗು ಮಾತ್ರ ತಿಂಗಳುಗಟ್ಲೆ ಹೇಗೆ ಉಳಿಯತ್ತೆ? ಮೂರು ಊಹೆನೂ ಕೊಟ್ಟ: ತಾಯಿ ಮಗು ನಡುವೆ ಗೋಡೆ ಇರಬೇಕು, ಅಥವಾ ಮಗುವಿನ ಗುರುತುಗಳು ಇನ್ನೂ ಬಲಿತಿರಲ್ಲ, ಅಥವಾ ತಾಯಿ ಇಮ್ಯೂನ್ ಸಿಸ್ಟಮ್ ಮಂಕಾಗಿರತ್ತೆ. ಎರಡನೇದು ತಪ್ಪು ಅಂತಾಯ್ತು, ಭ್ರೂಣದ ಜೀವಕೋಶದ ಮೇಲೆ ಗುರುತುಗಳು ಬೇಗನೇ ಬರ್ತವೆ. ಮೂರನೇದು ಕಾಕು ಹೇಳಿದ್ದೇ, ಅದೂ ನಿಲ್ಲಲಿಲ್ಲ. ಮೊದಲನೇದು ಅರ್ಧ ಸರಿ, ಆ ಅರ್ಧ ಬಹಳ ಸೊಗಸಾಗಿದೆ, ಅದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ.

ಪ್ಲಾಸೆಂಟಾ, ನಮ್ಮ ಅಜ್ಜಿಯರ ಮಾತಲ್ಲಿ ಮಾಸು, ಅದು ತಾಯಿದಲ್ಲ, ಮಗುವಿನದು. ಅದರೊಳಗೆ ಕವಲೊಡೆದ ಬೇರಿನ ಥರ ಎಳೆಗಳು ತುಂಬಿರ್ತವೆ, ಮೂರನೇ ತಿಂಗಳ ಹೊತ್ತಿಂದ ತಾಯಿ ರಕ್ತ ನೇರವಾಗಿ ಅವುಗಳ ಸುತ್ತ ಹರಿಯತ್ತೆ. ಎಳೆಗಳ ಮೇಲೊಂದು ಹೊದಿಕೆ ಇದೆ, ಸಿನ್ಸಿಶಿಯೋಟ್ರೊಫೋಬ್ಲಾಸ್ಟ್ ಅಂತ ಬಾಯಿ ತಿರುಗದ ಹೆಸರು. ವಿಶೇಷ ಏನಂದ್ರೆ ಇದರಲ್ಲಿ ಪಕ್ಕಪಕ್ಕ ಕೂತ ಜೀವಕೋಶಗಳೇ ಇಲ್ಲ, ಎಲ್ಲ ಕರಗಿ ಒಂದಾಗಿ, ಲೆಕ್ಕ ಇಲ್ಲದಷ್ಟು ನ್ಯೂಕ್ಲಿಯಸ್ ಇರೋ ಒಂದೇ ಒಂದು ಹಾಳೆ ಆಗಿರತ್ತೆ. ದಿನ ತುಂಬೋ ಹೊತ್ತಿಗೆ ಇದನ್ನ ಬಿಡಿಸಿ ಹಾಸಿದ್ರೆ ಸುಮಾರು 12 ಚದರ ಮೀಟರ್, ಮುಂಬೈ ಲೆಕ್ಕದಲ್ಲಿ 130 ಸ್ಕ್ವೇರ್ ಫೀಟ್ ಕಾರ್ಪೆಟ್ ಏರಿಯಾ ಅಂತಿಟ್ಕೊಳಿ. ಜೀವಕೋಶಗಳ ನಡುವೆ ಸಂದಿ ಇಲ್ಲದ ಮೇಲೆ ತಾಯಿಯ ಬಿಳಿ ರಕ್ತಕಣ ನುಸುಳೋಕೆ ದಾರಿ ಎಲ್ಲಿ. ಮತ್ತೆ ಈ ಹಾಳೆ ಮೇಲೆ ಟಿ ಸೆಲ್ (ಹೊರಗಿನ ಜೀವಕೋಶ ಗುರುತಿಸಿ ದಾಳಿ ಮಾಡೋ ಬಿಳಿ ರಕ್ತಕಣ) ಹುಡುಕೋ ಎಚ್‌ಎಲ್‌ಎ ಗುರುತು ಇಲ್ಲವೇ ಇಲ್ಲ, ತಂದೆದೂ ಇಲ್ಲ ತಾಯಿದೂ ಇಲ್ಲ.

ಜೀವಕೋಶಗಳನ್ನ ಹೀಗೆ ಬೆಸೆಯೋ ಪ್ರೋಟೀನ್ ಹೆಸರು ಸಿನ್ಸಿಟಿನ್. 2000ದಲ್ಲಿ ಗೊತ್ತಾಗಿದ್ದು, ಅದು ಮೂಲದಲ್ಲಿ ನಮ್ಮ ಜೀನೇ ಅಲ್ಲ, ವೈರಸ್ಸಿಂದು. ಸುಮಾರು ಎರಡೂವರೆ ಕೋಟಿ ವರ್ಷದ ಹಿಂದೆ ಕೋತಿ ವಂಶದ ನಮ್ಮ ಪೂರ್ವಿಕರಿಗೆ ಅಂಟಿದ ಒಂದು ರೆಟ್ರೋವೈರಸ್, ಜೀವಕೋಶದ ಒಳಗೆ ನುಗ್ಗೋಕೆ ಬಳಸ್ತಿದ್ದ ಪ್ರೋಟೀನನ್ನ ನಮ್ಮ ಡಿಎನ್‌ಎಲಿ ಬಿಟ್ಟುಹೋಯ್ತು, ಅದನ್ನೇ ಈಗ ಮಾಸು ಕಟ್ಟೋಕೆ ಉಪಯೋಗಿಸ್ಕೋತಿದೀವಿ. ಇಲಿಗಳಲ್ಲೂ ಇಂಥದ್ದಿದೆ ಆದ್ರೆ ಬೇರೆ ವೈರಸ್ಸಿಂದ ಬಂದಿದ್ದು, ಅಂದ್ರೆ ಒಂದೇ ಉಪಾಯ ಬೇರೆಬೇರೆ ಪ್ರಾಣಿಗಳಲ್ಲಿ ಬೇರೆಬೇರೆ ಸಲ ಕೈಗೆ ಸಿಕ್ಕಿದೆ. ನನಗಂತೂ ಇಡೀ ಕಥೇಲಿ ಇದಕ್ಕಿಂತ ಆಶ್ಚರ್ಯದ ಭಾಗ ಇಲ್ಲ.

ಹಸುಗಳ ಮಾಸು ಇನ್ನೂ ಬಿಗಿ, ಅಲ್ಲಿ ತಾಯಿ ರಕ್ತ ಮಾಸಿನ ಎಳೆಗೆ ನೇರವಾಗಿ ತಾಗೋದೇ ಇಲ್ಲ, ನಡುವೆ ಜಾಸ್ತಿ ಪದರ ಇರತ್ತೆ. ಹೀಗಾಗಿ ತಾಯಿ ಆಂಟಿಬಾಡಿನೂ ಕರುಗೆ ದಾಟಲ್ಲ, ಕರು ಹುಟ್ಟಿದ ಮೊದಲ ದಿನಾನೇ ಗಿಣ್ಣು ಕುಡಿದು ಕರುಳಿನ ಮೂಲಕ ಅದನ್ನ ಪಡ್ಕೋಬೇಕು, ಆಮೇಲೆ ಕರುಳು ಬಿಡಲ್ಲ. ದಾದರ್ ಕಡೆ ಡೈರಿಗಳಲ್ಲಿ ಖರವಸ್ ಅಂತ ಗಿಣ್ಣು ಮಾರ್ತಾರಲ್ಲ, ತಿನ್ನೋವಾಗ ಒಂದ್ಸಲ ಕರು ಪಾಲು ಮುಗಿದಿದೆಯಾ ಅಂತ ಅನ್ಸತ್ತೆ ನಂಗೆ.

ಮತ್ತೆ ಮನುಷ್ಯರಿಗೆ ಬರೋಣ. ಹಾಳೆ ಒಂದೇ ಇದ್ದಿದ್ರೆ ಗೋಡೆ ಅಂತ ಹೇಳಿ ಮುಗಿಸಬಹುದಿತ್ತು. ಆದ್ರೆ ಮಾಸಿನ ಇನ್ನೊಂದು ಥರದ ಜೀವಕೋಶಗಳು ಎಳೆಗಳನ್ನ ಬಿಟ್ಟು ತಾಯಿಯ ಗರ್ಭಕೋಶದ ಗೋಡೆ ಒಳಗೇ ನುಗ್ತವೆ. ನುಗ್ಗಿ ಅಲ್ಲಿರೋ ಸುರುಳಿ ರಕ್ತನಾಳಗಳನ್ನ ಸಡಿಲ ಮಾಡಿ ಅಗಲ ಮಾಡ್ತವೆ, ಮಗುಗೆ ರಕ್ತ ಸಾಕಾಗಬೇಕಲ್ಲ. ಇಲ್ಲಿ ಯಾವ ಗೋಡೆನೂ ಇಲ್ಲ, ಮಗುವಿನ ಜೀವಕೋಶ ತಾಯಿಯ ಇಮ್ಯೂನ್ ಸೆಲ್ ಪಕ್ಕದಲ್ಲೇ ಕೂತಿರತ್ತೆ. ಅದೂ ಎಂಥ ಇಮ್ಯೂನ್ ಸೆಲ್ಲು, ಮೊದಲ ಮೂರು ತಿಂಗಳಲ್ಲಿ ಅಲ್ಲಿರೋ ಇಮ್ಯೂನ್ ಸೆಲ್‌ಗಳಲ್ಲಿ ನೂರಕ್ಕೆ 70ರಷ್ಟು ನ್ಯಾಚುರಲ್ ಕಿಲ್ಲರ್ ಸೆಲ್ಲುಗಳು, ಎನ್‌ಕೆ ಅಂತಾರೆ.

ಎನ್‌ಕೆ ಸೆಲ್ ನಮ್ಮ ಸೊಸೈಟಿ ಗೇಟಿನ ವಾಚ್‌ಮನ್ ಥರ, ಐಡಿ ತೋರಿಸಿದ್ರೆ ಬಿಡ್ತಾನೆ, ಐಡಿನೇ ಇಲ್ಲ ಅಂದ್ರೆ ಹಿಡ್ಕೋತಾನೆ. ಟಿ ಸೆಲ್‌ಗೆ ತಪ್ಪಿಸ್ಕೊಳೋಕೆ ಗುರುತು ತೆಗೆದುಬಿಟ್ರೆ ಎನ್‌ಕೆ ಕೈಗೆ ಸಿಗ್ತೀರಿ, ಗುರುತು ಇಟ್ಕೊಂಡ್ರೆ ಟಿ ಸೆಲ್ ಬಿಡಲ್ಲ. ಒಳಗೆ ನುಗ್ಗಿದ ಜೀವಕೋಶಗಳು ಮಾಡೋದು ಏನಪ್ಪಾ ಅಂದ್ರೆ, ಜನರಿಂದ ಜನರಿಗೆ ಸಿಕ್ಕಾಪಟ್ಟೆ ಬದಲಾಗೋ ಎಚ್‌ಎಲ್‌ಎ ಎ ಮತ್ತೆ ಬಿ ಗುರುತನ್ನ ತೆಗೆದಿಡ್ತವೆ, ಎಲ್ಲರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರೋ ಎಚ್‌ಎಲ್‌ಎ ಜಿ ಮತ್ತೆ ಇ ಅನ್ನೋದನ್ನ ಹಾಕ್ಕೋತವೆ. ಐಡಿ ಇದೆ, ಆದ್ರೆ ಅದರಲ್ಲಿ ತಂದೆ ಹೆಸರು ಓದೋಕೆ ಸಿಗಲ್ಲ.

ಒಂದೇ ಒಂದು ಬದಲಾಗೋ ಗುರುತನ್ನ ಮಾತ್ರ ಬಿಟ್ಕೋತವೆ, ಎಚ್‌ಎಲ್‌ಎ ಸಿ. ಯಾಕೆ ಅಂದ್ರೆ ಗರ್ಭಕೋಶದ ಎನ್‌ಕೆ ಸೆಲ್‌ಗಳು ಹೆಸರಿಗೆ ಕಿಲ್ಲರ್ ಅಷ್ಟೇ, ಕೊಲ್ಲೋದಕ್ಕಿಂತ ರಕ್ತನಾಳ ಅಗಲ ಮಾಡೋಕೆ ಬೇಕಾದ ಪದಾರ್ಥ ಬಿಡೋದೇ ಅವುಗಳ ಮುಖ್ಯ ಕೆಲಸ. ಮಗುವಿನ ಎಚ್‌ಎಲ್‌ಎ ಸಿ ತಾಗಿದಾಗ ಆ ಕೆಲಸ ಹೆಚ್ಚತ್ತೆ ಇಲ್ಲ ಕಮ್ಮಿ ಆಗತ್ತೆ, ಅದು ತಾಯಿಯ ಎನ್‌ಕೆ ಸೆಲ್ ಮೇಲಿನ ರಿಸೆಪ್ಟರ್ (ಗುರುತನ್ನ ಹಿಡಿಯೋ ಕೊಂಡಿ) ಯಾವ ಥರದ್ದು, ತಂದೆ ಕಡೆಯಿಂದ ಬಂದ ಸಿ ಯಾವ ಥರದ್ದು ಅನ್ನೋದರ ಮೇಲೆ ಹೋಗತ್ತೆ. ಕೆಲವು ಜೋಡಿಗಳಲ್ಲಿ ಎನ್‌ಕೆಗೆ ಬ್ರೇಕ್ ಜಾಸ್ತಿ ಬೀಳತ್ತೆ, ನಾಳ ಸರಿಯಾಗಿ ಅಗಲ ಆಗಲ್ಲ, ಆ ತಾಯಂದಿರಿಗೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗೋ ಪ್ರಿಎಕ್ಲಾಂಪ್ಸಿಯಾ ಬರೋ ಅಪಾಯ ಹೆಚ್ಚು ಅಂತ ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ತಂಡ 2004ರಲ್ಲಿ ತೋರಿಸಿತು. ಇಲ್ಲಿ ತೊಂದರೆ ಬಂದಿದ್ದು ತಾಯಿ ಇಮ್ಯೂನ್ ಸಿಸ್ಟಮ್ ಜೋರಾಗಿದ್ದಕ್ಕಲ್ಲ, ಸಾಕಷ್ಟು ಕೆಲಸ ಮಾಡದೆ ಇದ್ದಿದ್ದಕ್ಕೆ. ಇಮ್ಯುನಿಟಿ ಡೌನ್ ಆದ್ರೆ ಮಗುಗೆ ಒಳ್ಳೇದು ಅನ್ನೋ ಲೆಕ್ಕ ಇಲ್ಲೇ ಮುರಿದುಬೀಳತ್ತೆ.

ಟಿ ಸೆಲ್ ಕಥೆ ಬೇರೆ. ಅವು ಗರ್ಭಕೋಶದ ಒಳಗೆ ಗುಂಪು ಸೇರದ ಹಾಗೆ ಒಂದು ಏರ್ಪಾಡಿದೆ: ಎಲ್ಲಾದ್ರೂ ಉರಿಯೂತ ಆದ್ರೆ ಟಿ ಸೆಲ್‌ಗಳನ್ನ ಕರೆಯೋಕೆ ಕೆಮೋಕೈನ್ ಅನ್ನೋ ಸಂಕೇತ ಹೊರಡತ್ತೆ, ಬಸಿರಿನ ಗರ್ಭಕೋಶದ ಒಳಪದರದಲ್ಲಿ ಆ ಜೀನುಗಳಿಗೇ ಬೀಗ ಬಿದ್ದಿರತ್ತೆ ಅಂತ 2012ರಲ್ಲಿ ಇಲಿಗಳಲ್ಲಿ ಕಂಡ್ರು. ಜೊತೆಗೆ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಸಿಡ್ ತಿಂದುಹಾಕಿ ಟಿ ಸೆಲ್ ಬೆಳೆಯದ ಹಾಗೆ ಮಾಡೋ ಒಂದು ಎನ್‌ಜೈಮ್ ಇದೆ, ಅದನ್ನ ಔಷಧ ಕೊಟ್ಟು ತಡೆದಾಗ ಇಲಿಗಳ ಬಸಿರು ಉಳೀಲಿಲ್ಲ, ಅದೂ ತಂದೆ ಬೇರೆ ತಳಿಯವನಾಗಿದ್ದಾಗ ಮಾತ್ರ. ಇದು 1998ರ ಮಾತು.

ಇದೆಲ್ಲಕ್ಕಿಂತ ದೊಡ್ಡದು ಟಿ ರೆಗ್, ಬೇರೆ ಟಿ ಸೆಲ್‌ಗಳನ್ನ ಸುಮ್ಮನಿರಿಸೋ ಟಿ ಸೆಲ್. 2025ರ ವೈದ್ಯಕೀಯ ನೊಬೆಲ್ ಬಂತಲ್ಲ, ಶಿಮೊನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್, ಅದು ಇದಕ್ಕೇ. ತಾಯಿ ಇಲಿಯಲ್ಲಿ ಟಿ ರೆಗ್ ಇಲ್ಲದ ಹಾಗೆ ಮಾಡಿದ್ರೆ ಬೇರೆ ತಳಿಯ ಗಂಡಿಂದ ಆದ ಬಸಿರು ಹೋಗತ್ತೆ, ಅದೇ ತಳಿಯ ಗಂಡಿಂದ ಆಗಿದ್ರೆ ಏನೂ ಆಗಲ್ಲ. ತಾಯಿಗೆ ಮಗು ಹೊರಗಿಂದು ಅಂತ ಗೊತ್ತು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ. ಇನ್ನೂ ಮಜಾ ಅಂದ್ರೆ ಟಿ ರೆಗ್ ಹುಟ್ಟಿಸೋ ಫಾಕ್ಸ್‌ಪಿ3 ಅನ್ನೋ ಜೀನಿಗೆ ಒಂದು ಸ್ವಿಚ್ಚಿದೆ, ಟಿ ಸೆಲ್ ತಯಾರಾಗೋ ಥೈಮಸ್ ಗ್ರಂಥಿಯ ಹೊರಗೆ ಹೊಸದಾಗಿ ಟಿ ರೆಗ್ ಮಾಡೋಕೆ, ಆ ಸ್ವಿಚ್ಚು ಮಾಸು ಇಟ್ಕೊಂಡು ದೀರ್ಘ ಬಸಿರು ಹೊರೋ ಸಸ್ತನಿಗಳಲ್ಲಿ ಮಾತ್ರ ಇದೆ, ಮೀನಿಗಿಲ್ಲ ಹಕ್ಕಿಗಿಲ್ಲ. ಕಾಂಗರೂ ಜಾತಿಗೂ ಇಲ್ಲ. ಅವುಗಳ ದಾರಿನೇ ಬೇರೆ, ಅಪಾಸಮ್ ಅನ್ನೋ ಪ್ರಾಣಿಯ ಬಸಿರು ಬರೀ ಎರಡು ವಾರ, ಕೊನೇ ಕೆಲವು ದಿನ ಮಾತ್ರ ಮಾಸು ತಾಯಿಗೆ ತಾಗತ್ತೆ, ತಾಗಿದ ತಕ್ಷಣ ಉರಿಯೂತ ಶುರು, ಉರಿಯೂತ ಏರ್ತಿದ್ದ ಹಾಗೆ ಹೆರಿಗೆ. ನಮ್ಮಲ್ಲೂ ಭ್ರೂಣ ಅಂಟ್ಕೊಳೋವಾಗ ಒಂದ್ಸಲ, ಹೆರಿಗೆ ಹೊತ್ತಲ್ಲಿ ಇನ್ನೊಂದ್ಸಲ ಉರಿಯೂತ ಬೇಕೇಬೇಕು, ನಾವು ಮಾಡಿದ್ದು ನಡುವೆ ಒಂದು ದೊಡ್ಡ ಸಮಾಧಾನದ ಕಾಲ ಸೇರಿಸಿದ್ದು.

ಐವಿಎಫ್ ಬಂದ್ಮೇಲೆ ಈ ಏರ್ಪಾಡು ಎಷ್ಟು ಗಟ್ಟಿ ಅಂತ ಇನ್ನೂ ಚೆನ್ನಾಗಿ ಗೊತ್ತಾಯ್ತು. ಪರೇಲ್‌ನ ಕೆಇಎಮ್ ಆಸ್ಪತ್ರೇಲಿ 1986ರ ಆಗಸ್ಟ್ 6ಕ್ಕೆ ಡಾಕ್ಟರ್ ಇಂದಿರಾ ಹಿಂದೂಜಾ ಮತ್ತೆ ಟಿ. ಸಿ. ಆನಂದ್ ಕುಮಾರ್ ಅವರ ಕೆಲಸದಿಂದ ಟೆಸ್ಟ್‌ಟ್ಯೂಬ್ ಮಗು ಹುಟ್ಟಿದ್ದು ತುಂಬ ಜನಕ್ಕೆ ನೆನಪಿರತ್ತೆ. ಅಲ್ಲಿ ಅಂಡಾಣು ತಾಯಿದೇ. ಬೇರೆ ಹೆಂಗಸಿನ ಅಂಡಾಣು ಇಟ್ರೆ, ಇಲ್ಲ ಸರೊಗೇಟ್ ತಾಯಿ ಹೊತ್ರೆ, ಮಗು ಅರ್ಧ ಅಲ್ಲ ಪೂರ್ತಿ ಹೊರಗಿಂದು, ಆದ್ರೂ ಬಸಿರು ಉಳಿಯತ್ತೆ. ಆದ್ರೆ ಅಂಥ ಬಸಿರಲ್ಲಿ ಪ್ರಿಎಕ್ಲಾಂಪ್ಸಿಯಾ ಜಾಸ್ತಿ ಕಾಣತ್ತೆ, ಅಂದ್ರೆ ಒಪ್ಪಂದಕ್ಕೂ ಒಂದು ಬೆಲೆ ಇದೆ.

ಈಗ ನನ್ನ ಬೆಂಚಿಗೆ ಬರ್ತೀನಿ. ಇಷ್ಟೆಲ್ಲ ಏರ್ಪಾಡು ಇದ್ದೂ ಆರ್‌ಎಚ್ ನೆಗೆಟಿವ್ ತಾಯಿಗೆ ಆರ್‌ಎಚ್ ಪಾಸಿಟಿವ್ ಮಗು ಆದ್ರೆ ಯಾಕೆ ತೊಂದರೆ? ಪಾಸಿಟಿವ್ ಅಂದ್ರೆ ಕೆಂಪು ಕಣದ ಮೇಲೆ ಡಿ ಅನ್ನೋ ಗುರುತು ಇದೆ ಅಂತ. ಮೊದಲ ಹೆರಿಗೇಲಿ ಮಗುವಿನ ರಕ್ತ ತಾಯಿಗೆ ಸೇರಿ ಅದರ ವಿರುದ್ಧ ಆಂಟಿ ಡಿ ಆಂಟಿಬಾಡಿ ಹುಟ್ಟತ್ತೆ, ಮುಂದಿನ ಬಸಿರಲ್ಲಿ ಅದು ಮಾಸು ದಾಟಿ ಮಗುವಿನ ಕೆಂಪು ರಕ್ತಕಣ ಒಡೀತದೆ. ಮಾಸು ಐಜಿಜಿ ಅನ್ನೋ ಜಾತಿಯ ಆಂಟಿಬಾಡಿನ ಕೈ ಹಿಡಿದು ದಾಟಿಸತ್ತೆ, ಹುಟ್ಟಿದ ಮಗುಗೆ ಮೊದಲ ತಿಂಗಳುಗಳಲ್ಲಿ ಕಾಯಿಲೆ ತಡೆಯೋಕೆ ಅದು ಬೇಕು, ಆದ್ರೆ ದಾಟಿಸೋವಾಗ ಒಳ್ಳೇದು ಕೆಟ್ಟದ್ದು ಅಂತ ನೋಡಲ್ಲ. ಹಾಗಾದ್ರೆ ಗಂಡನ ಎಚ್‌ಎಲ್‌ಎ ವಿರುದ್ಧ ಹುಟ್ಟಿದ ಆಂಟಿಬಾಡಿ, ಟ್ರಾನ್ಸ್‌ಪ್ಲಾಂಟ್ ನಿಲ್ಲಿಸ್ತು ಅಂದ್ನಲ್ಲ, ಅದು ಮಗುನ ಯಾಕೆ ಕೊಲ್ಲಲ್ಲ? ಯಾಕಂದ್ರೆ ಮಾಸಿನ ಎಳೆಗಳ ಒಳಗಡೆ ಇರೋ ಮಗುವಿನ ಜೀವಕೋಶಗಳ ಮೇಲೂ ಅದೇ ಎಚ್‌ಎಲ್‌ಎ ಇರತ್ತೆ, ಅವು ಆ ಆಂಟಿಬಾಡಿನ ದಾರೀಲೇ ಹೀರ್ಕೊಂಡ್ಬಿಡ್ತವೆ. ಆರ್‌ಎಚ್ ಡಿ ಇರೋದು ಕೆಂಪು ರಕ್ತಕಣದ ಮೇಲೆ ಮಾತ್ರ, ದಾರೀಲಿ ಹಿಡಿಯೋರು ಯಾರೂ ಇಲ್ಲ.

ಬಸುರಿಯರ ರಕ್ತದಲ್ಲಿ ಆಂಟಿ ಡಿ ಥರದ ಆಂಟಿಬಾಡಿ ಹುಡುಕೋ ಟೆಸ್ಟೇ ಐಸಿಟಿ, ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್. ತಾಯಿಯ ಸೀರಮ್ ಮತ್ತೆ ಗೊತ್ತಿರೋ ಕೆಂಪು ಕಣ ಸೇರಿಸಿ ಜೆಲ್ ಕಾರ್ಡಿನ ಸಣ್ಣ ಬಾವಿಗೆ ಹಾಕಿ, 37 ಡಿಗ್ರೀಲಿ ಇಟ್ಟು, ಆಮೇಲೆ ಸೆಂಟ್ರಿಫ್ಯೂಜಲ್ಲಿ ತಿರುಗಿಸ್ತೀವಿ. ಆಂಟಿಬಾಡಿ ಇಲ್ದಿದ್ರೆ ಕಣಗಳೆಲ್ಲ ಜೆಲ್ ಒಳಗಿಂದ ಜಾರಿ ತಳದಲ್ಲಿ ಅಚ್ಚುಕಟ್ಟಾದ ಕೆಂಪು ಚುಕ್ಕೆ ಆಗ್ತವೆ. ಇದ್ರೆ ಒಂದಕ್ಕೊಂದು ಅಂಟ್ಕೊಂಡು ಮೇಲೇ ಕೆಂಪು ಗೆರೆಯಾಗಿ ನಿಂತುಬಿಡ್ತವೆ. ನಮ್ಮ ದೇಶದಲ್ಲಿ ಆರ್‌ಎಚ್ ನೆಗೆಟಿವ್ ನೂರಕ್ಕೆ ಐದರ ಆಸುಪಾಸು, ಹಾಗಾಗಿ ಮೇಲೆ ನಿಂತ ಗೆರೆ ಅಪರೂಪ, ಕಂಡಾಗ ಮಾತ್ರ ಫೋನ್ ಎತ್ತಿ ವಾರ್ಡಿಗೆ ಹೇಳ್ಲೇಬೇಕು. ಇದನ್ನ ಬರದ ಹಾಗೆ ತಡೆಯೋ ಆಂಟಿ ಡಿ ಇಂಜೆಕ್ಷನ್ 1968ರಿಂದ ಬಳಕೇಲಿದೆ: 28ನೇ ವಾರದಲ್ಲೊಂದು, ಮಗು ಪಾಸಿಟಿವ್ ಅಂತಾದ್ರೆ ಹೆರಿಗೆ ಆಗಿ 72 ಗಂಟೆ ಒಳಗೆ ಇನ್ನೊಂದು. ಗರ್ಭಪಾತ ಆದಾಗಲೂ ಬೇಕಾಗಬಹುದು, ಅದನ್ನೇ ಜನ ಮರೀತಾರೆ, ಡಾಕ್ಟರನ್ನ ಕೇಳಿ.

ಎ, ಬಿ ಗ್ರೂಪ್ ಹೊಂದದೆ ಇದ್ರೆ ಅಷ್ಟು ತೊಂದರೆ ಇಲ್ಲ, ಅಲ್ಲಿನ ಆಂಟಿಬಾಡಿ ಹೆಚ್ಚಿನವು ಐಜಿಎಮ್ ಜಾತಿ, ಮಾಸು ದಾಟಲ್ಲ. ಓ ಗ್ರೂಪ್ ತಾಯಿಗೆ ಸ್ವಲ್ಪ ಐಜಿಜಿನೂ ಇರತ್ತೆ, ಮಗುಗೆ ಕಾಮಾಲೆ ಬರಬಹುದು, ಸಾಮಾನ್ಯವಾಗಿ ಲೈಟ್ ಕೆಳಗೆ ಇಟ್ರೆ ಹೋಗತ್ತೆ. ಇದರ ಜೊತೆ ನಮ್ಮ ಊರಿನ ಹೆಸರಿನ ಗ್ರೂಪ್ ಹೇಳದೆ ಹೇಗೆ ಬಿಡಲಿ, ಬಾಂಬೆ ಬ್ಲಡ್ ಗ್ರೂಪ್, 1952ರಲ್ಲಿ ಡಾಕ್ಟರ್ ವೈ. ಎಂ. ಭೆಂಡೆ ಮತ್ತೆ ಜೊತೆಯವರು ಇಲ್ಲೇ ಗುರುತಿಸಿದ್ದು. ಮೇಲ್ನೋಟಕ್ಕೆ ಓ ಅಂತ ಕಾಣತ್ತೆ, ಉಲ್ಟಾ ಟೆಸ್ಟಲ್ಲಿ, ಅಂದ್ರೆ ಅವರ ಸೀರಮ್‌ಗೆ ಗೊತ್ತಿರೋ ಕಣ ಹಾಕಿ ನೋಡೋವಾಗ, ಓ ಕಣ ಹಾಕಿದ್ರೂ ಗಂಟು ಕಟ್ಟತ್ತೆ, ಆಗ ಬಯಲಾಗತ್ತೆ ಬಣ್ಣ. ಇಂಥ ಬಸುರಿಯ ಮಗುಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದ್ರೆ ಹೆರಿಗೇಲಿ ತಾಯಿಗೆ ರಕ್ತ ಬೇಕಾದ್ರೆ ಬಾಂಬೆ ಗ್ರೂಪೇ ಬೇಕು, ಓ ಕೊಡೋ ಹಾಗಿಲ್ಲ, ಮೊದಲೇ ಹುಡುಕಿಟ್ಕೋಬೇಕು.

ಇಷ್ಟು ಓದಿದವರು ಕೇಳ್ತಾರೆ, ಹಾಗಾದ್ರೆ ಬಸುರಿಗೆ ಫ್ಲೂ ಬಂದ್ರೆ ಯಾಕೆ ಜೋರಾಗತ್ತೆ? ಜೋರಾಗತ್ತೆ ನಿಜ, ಉಸಿರಿಗೆ ಜಾಗ ಕಮ್ಮಿ ಆಗಿರತ್ತೆ, ಹೃದಯದ ಮೇಲೆ ಭಾರ ಇರತ್ತೆ, ಇಮ್ಯೂನ್ ಸಿಸ್ಟಮ್ ನಡೆಯೋ ರೀತಿನೂ ಬದಲಾಗಿರತ್ತೆ. ಬದಲಾಗೋದು ಬೇರೆ, ಇಳಿಯೋದು ಬೇರೆ. ಮಳೆಗಾಲದಲ್ಲಿ ಕೊಳಕು ನೀರಿಂದ ಬರೋ ಎರಡು ಕಾಮಾಲೆ ನೋಡಿ, ಹೆಪಟೈಟಿಸ್ ಎ ಮತ್ತೆ ಇ. ಎರಡೂ ಲಿವರ್‌ಗೇ ಹೋಗ್ತವೆ, ಬರೋ ದಾರಿನೂ ಒಂದೇ. ಎ ಬಂದ್ರೆ ಬಸುರಿಗೂ ಬೇರೆಯವರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಇ ಮಾತ್ರ ಕೊನೇ ತಿಂಗಳುಗಳಲ್ಲಿ ಬಂದ್ರೆ ನಮ್ಮ ದೇಶದ ಕೆಲವು ಹಾವಳಿಗಳಲ್ಲಿ ನೂರಕ್ಕೆ 20ರವರೆಗೂ ಬಸುರಿಯರ ಜೀವ ತೆಗೆದಿದೆ, ಪುಣೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ (ಎನ್‌ಐವಿ) ಈ ವೈರಸ್ ಮೇಲೆ ದಶಕಗಳಿಂದ ಕೆಲಸ ಮಾಡ್ತಿದೆ. ಎಲ್ಲ ಇಮ್ಯುನಿಟಿನೂ ಒಟ್ಟಿಗೆ ಬಿದ್ದಿದ್ರೆ ಎರಡೂ ಒಂದೇ ಥರ ಕಾಡಬೇಕಿತ್ತು. ಅತ್ತಕಡೆ ಸಂಧಿವಾತ ಇರೋ ಅನೇಕರಿಗೆ ಬಸಿರಲ್ಲಿ ನೋವು ಇಳಿಯತ್ತೆ, ಹೆರಿಗೆ ಆದ್ಮೇಲೆ ಮತ್ತೆ ಏರತ್ತೆ. ಅಮೆರಿಕದ ಫಿಲಿಪ್ ಹೆಂಚ್ ಇದನ್ನ 1930ರ ದಶಕದಲ್ಲೇ ಗಮನಿಸಿದ್ದ, ಆ ಜಾಡು ಹಿಡಿದೇ ಕಾರ್ಟಿಸೋನ್ ಔಷಧ ತನಕ ಹೋಗಿ 1950ರ ನೊಬೆಲ್ ತಗೊಂಡ. ಇನ್ನು ಬಸುರಿಗೆ ಕೊಡೋ ಟಿಡಿ (ಟೆಟನಸ್, ಡಿಫ್ತೀರಿಯಾ) ಇಂಜೆಕ್ಷನ್ನು, ಫ್ಲೂ ಲಸಿಕೆ ಕೆಲಸ ಮಾಡೋದೇ ಅವಳ ಇಮ್ಯೂನ್ ಸಿಸ್ಟಮ್ ಎಚ್ಚರ ಇರೋದ್ರಿಂದ.

ಕೊನೇದಾಗಿ ದುಡ್ಡು ದಂಡ ಆಗೋ ವಿಷಯ. ಮೇಲಿಂದ ಮೇಲೆ ಅಬಾರ್ಷನ್ ಆದ ದಂಪತಿಗೆ ಕೆಲವು ಕ್ಲಿನಿಕ್‌ಗಳಲ್ಲಿ "ನಿಮ್ಮ ಬಾಡಿ ಗಂಡನ ಸೆಲ್ ಒಪ್ಪಲ್ಲ" ಅಂತ ಹೇಳಿ ಗಂಡನ ರಕ್ತದ ಬಿಳಿಕಣ ತೆಗೆದು ಹೆಂಡತಿಗೆ ಚುಚ್ಚೋ ಎಲ್‌ಐಟಿ ಅನ್ನೋ ಟ್ರೀಟ್ಮೆಂಟ್ ಕೊಡ್ತಾರೆ. ಮೇಲಿಂದೆಲ್ಲ ಓದಿದವರಿಗೆ ಕೇಳೋಕೆ ಲಾಜಿಕ್ ಇದೆ ಅನ್ಸತ್ತೆ, ಅದೇ ಅಪಾಯ. 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಮೆರಿಕದ ಟ್ರಯಲ್‌ನಲ್ಲಿ ಚುಚ್ಚಿಸ್ಕೊಂಡವರಲ್ಲಿ ಬಸಿರು ಉಳಿದಿದ್ದು ನೂರಕ್ಕೆ 36, ಬರೀ ಸಲೈನ್ ಚುಚ್ಚಿಸ್ಕೊಂಡವರಲ್ಲಿ 48. ಅದೇ ಥರ ಕೈಯಿಂದ ರಕ್ತ ತೆಗೆದು ಎನ್‌ಕೆ ಸೆಲ್ ಎಣಿಸಿ ಜಾಸ್ತಿ ಇದೆ ಅಂತ ಹೆದರಿಸ್ತಾರೆ, ರಕ್ತದ ಎನ್‌ಕೆ ಬೇರೆ ಗರ್ಭಕೋಶದ ಎನ್‌ಕೆ ಬೇರೆ, ಇದನ್ನ ಎಣಿಸಿದ್ರೆ ಅದರ ಸುದ್ದಿ ಗೊತ್ತಾಗಲ್ಲ. ನಿಜವಾಗಿ ಟೆಸ್ಟ್ ಮಾಡಿಸಬೇಕಾದ ಇಮ್ಯೂನ್ ಕಾರಣ ಒಂದಿದೆ, ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅದು ಗಂಡನ ಗುರುತಿನ ಜಗಳ ಅಲ್ಲವೇ ಅಲ್ಲ, ತಾಯಿ ದೇಹ ತನ್ನ ವಿರುದ್ಧ ತಾನೇ ಮಾಡ್ಕೊಂಡ ಆಂಟಿಬಾಡಿ. ಲೂಪಸ್ ಆಂಟಿಕೋಆಗ್ಯುಲೆಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್, ಈ ಮೂರು ಟೆಸ್ಟು, ಪಾಸಿಟಿವ್ ಬಂದ್ರೆ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು, ಎರಡೂ ಸಲ ಬಂದ್ರೆ ಮಾತ್ರ ಲೆಕ್ಕಕ್ಕೆ ಹಿಡೀತಾರೆ. ಟ್ರೀಟ್ಮೆಂಟು ಕಮ್ಮಿ ಡೋಸ್ ಆಸ್ಪಿರಿನ್ ಮತ್ತೆ ಹೆಪಾರಿನ್ ಇಂಜೆಕ್ಷನ್ನು, ಯಾವ ದೊಡ್ಡ ಸರ್ಕಾರಿ ಆಸ್ಪತ್ರೇಲೂ ಸಿಗೋ ಔಷಧಗಳೇ.